ದಶಕಗಳಿಂದ ಮುಚ್ಚಿಟ್ಟಿದ್ದ ವಾಲ್ವ್ ಗಿಟಾರ್ ಆಂಪ್ಲಿಫೈಯರ್‌ಗೆ ಮತ್ತೆ ವಿದ್ಯುತ್ ಕೊಡುವುದು ಹೇಗೆ?

ವಾಸ್ಕೋ ಗಿಟಾರಿಗ:

ಗೋವಾದ ವಾಸ್ಕೋದಲ್ಲಿ ನೆಲೆಸಿರುವ ನನಗೆ, ಹಡಗುಗಳ ವಾದ್ಯವೃಂದದಲ್ಲಿ ಬಹುಕಾಲ ಗಿಟಾರ್ ನುಡಿಸಿದ್ದ ನೆರೆಮನೆಯ ಹಿರಿಯರೊಬ್ಬರ ಕುಟುಂಬದವರು ಅವರ ಫೆಂಡರ್ ಡಿಲಕ್ಸ್ ರಿವರ್ಬ್ ಆಂಪ್ಲಿಫೈಯರ್ ಅನ್ನು ಒಪ್ಪಿಸಿದ್ದಾರೆ. ಬೆಳ್ಳಿ ಬಣ್ಣದ ಮುಂಫಲಕದ ಈ ಆಂಪ್ ಅನ್ನು ಅವರು ಅಮೆರಿಕದ ಬಂದರೊಂದರಲ್ಲಿ ಕೊಂಡು ತಂದಿದ್ದರಂತೆ. ಇಪ್ಪತ್ತೈದು ವರ್ಷಗಳಿಗೂ ಮೇಲ್ಪಟ್ಟು ಅದು ಹಳೆಯ ಹೊದಿಕೆ ಸುತ್ತಿಕೊಂಡು ಅಟ್ಟದ ಮೇಲೆ ಕುಳಿತಿತ್ತು; ಆ ಅವಧಿಯಲ್ಲಿ ಯಾರೂ ಅದರ ಸ್ವಿಚ್ ಹಾಕಿಲ್ಲ. ಹಿಂಬದಿಯಲ್ಲಿ 117 ವೋಲ್ಟ್, 60 ಸೈಕಲ್ ಎಂಬ ಮುದ್ರೆಯಿದೆ. ಪ್ಲಗ್ಗಿನ ಅರ್ಥ್ ಪಿನ್ನನ್ನು ಯಾರೋ ಕತ್ತರಿಸಿ ತೆಗೆದಿದ್ದಾರೆ, ವೈರಿನ ರಬ್ಬರ್ ಮಡಚಿದಲ್ಲೆಲ್ಲ ಬಿರುಕು ಬಿಡುತ್ತಿದೆ. ಚಿಕ್ಕ ವಾಲ್ವುಗಳ (ಗಾಜಿನ ನಿರ್ವಾತ ಕೊಳವೆಗಳ) ಪೈಕಿ ಒಂದರ ತಲೆ ಕನ್ನಡಿಯಂತೆ ಹೊಳೆಯುವ ಬದಲು ಹಾಲಿನ ಬಣ್ಣಕ್ಕೆ ತಿರುಗಿದೆ. ಚಾಸಿಯ (ಲೋಹದ ಚೌಕಟ್ಟಿನ) ಮೇಲೆ ಅಲ್ಲಲ್ಲಿ ತುಕ್ಕಿನ ಹುಡಿಯಿದೆ. ಕಡಲ ಗಾಳಿಯ ಊರಿನಲ್ಲಿ ಇದು ಅನಿರೀಕ್ಷಿತವೇನಲ್ಲ.

ಬೆಸುಗೆ ಹಾಕಲು, ಮಲ್ಟಿಮೀಟರ್ ಬಳಸಲು ನನಗೆ ಬರುತ್ತದೆ. ಆದರೆ ಇದುವರೆಗೆ ಟ್ರಾನ್ಸಿಸ್ಟರ್ ಸರ್ಕ್ಯೂಟುಗಳಲ್ಲಿ ಮಾತ್ರ ಕೈಯಾಡಿಸಿದ್ದೇನೆ. ಇಲ್ಲಿನ ಮೆಕ್ಯಾನಿಕ್ ಒಬ್ಬರು “ಒಂದು ಸ್ಟೆಪ್‌ಡೌನ್ (ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್) ಹಾಕಿ ಆನ್ ಮಾಡಿ ನೋಡಿ, ಹೊಗೆ ಬಂದರೆ ಆಮೇಲೆ ನೋಡೋಣ” ಎಂದರು. ಆ ಮಾತಿಗೆ ಮನಸ್ಸು ಒಪ್ಪಲಿಲ್ಲ. ಯಾವ ಕ್ರಮದಲ್ಲಿ ಏನನ್ನು ಪರೀಕ್ಷಿಸಬೇಕು, ಹಳೆಯ ಭಾಗಗಳಲ್ಲಿ ಯಾವುದನ್ನು ಉಳಿಸಿಕೊಳ್ಳಬಹುದು ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಪುಣೆಯ ರೇಡಿಯೋ ರಿಪೇರಿ:

ನಿಮ್ಮ ಮನಸ್ಸು ಒಪ್ಪದೇ ಇದ್ದದ್ದು ಒಳ್ಳೆಯದಾಯಿತು. ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ನಲ್ಲಿ ವಿದ್ಯುತ್ತನ್ನು ತಡೆದು ನಿಲ್ಲಿಸುವುದು ಹಾಳೆಗಳ ನಡುವಿನ ಕಾಗದವಲ್ಲ, ಧನ ಹಾಳೆಯ ಮೈಮೇಲೆ ಬೆಳೆಸಿರುವ ಅಲ್ಯೂಮಿನಿಯಂ ಆಕ್ಸೈಡ್‌ನ ಅತ್ಯಂತ ತೆಳುವಾದ ಪದರ. ಬಳಕೆಯಲ್ಲಿರುವಷ್ಟು ಕಾಲ ಆ ಪದರ ತನ್ನ ದೋಷಗಳನ್ನು ತಾನೇ ಸರಿಪಡಿಸಿಕೊಳ್ಳುತ್ತದೆ. ವರ್ಷಗಟ್ಟಲೆ ವೋಲ್ಟೇಜ್ ಕಾಣದಿದ್ದರೆ ಸವೆಯುತ್ತ ಹೋಗುತ್ತದೆ. ಅಂಥದಕ್ಕೆ ಒಮ್ಮೆಲೇ 400 ವೋಲ್ಟ್ ಕೊಟ್ಟರೆ ಸೋರಿಕೆಯ ಕರೆಂಟ್ ವಿಪರೀತವಾಗಿ ಹರಿದು, ಒಳಗಿನ ದ್ರವ ಕಾದು, ಕೆಪಾಸಿಟರ್ ಸಿಡಿಯಬಹುದು. ಅದು ಸಿಡಿದರೆ ದೊಡ್ಡ ನಷ್ಟವಲ್ಲ. ಅದರೊಂದಿಗೆ ಎಸಿಯನ್ನು ಡಿಸಿಯಾಗಿಸುವ ರೆಕ್ಟಿಫೈಯರ್ ವಾಲ್ವೂ ಪವರ್ ಟ್ರಾನ್ಸ್‌ಫಾರ್ಮರೂ ಸುಟ್ಟುಹೋದರೆ ಆ ಕಾಲದ ಟ್ರಾನ್ಸ್‌ಫಾರ್ಮರನ್ನು ಮತ್ತೆ ಎಲ್ಲಿಂದ ತರುವಿರಿ?

ಮುಂದುವರಿಯುವ ಮೊದಲು ಸುರಕ್ಷತೆಯ ಮಾತು. ಇದು ಟ್ರಾನ್ಸಿಸ್ಟರ್ ಸರ್ಕ್ಯೂಟ್ ಅಲ್ಲ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ ಪ್ರಾಣ ತೆಗೆಯುವಷ್ಟು ಚಾರ್ಜ್ ಉಳಿದಿರಬಹುದು. 10 ಕಿಲೋ ಓಮ್, 10 ವ್ಯಾಟ್‌ನ ರೆಸಿಸ್ಟರ್‌ಗೆ ಇನ್ಸುಲೇಶನ್ ಇರುವ ಎರಡು ಕ್ಲಿಪ್‌ಗಳನ್ನು ಬೆಸೆದು, ಒಂದನ್ನು ಚಾಸಿಗೂ ಇನ್ನೊಂದನ್ನು ಹೈಟೆನ್ಷನ್ (ನೂರಾರು ವೋಲ್ಟ್ ಡಿಸಿಯ) ಬಿಂದುವಿಗೂ ಕೆಲವು ಸೆಕೆಂಡ್ ಹಿಡಿದು, ಮೀಟರ್‌ನಲ್ಲಿ ಸೊನ್ನೆ ಕಂಡ ಮೇಲೆಯೇ ಒಳಗೆ ಕೈಯಿಡಿ. ಸ್ಕ್ರೂಡ್ರೈವರ್‌ನಿಂದ ಶಾರ್ಟ್ ಮಾಡುವ ಅಭ್ಯಾಸ ಬೇಡ. ವಿದ್ಯುತ್ ಇರುವಾಗ ಅಳತೆ ತೆಗೆಯುವುದಾದರೆ ಎಡಗೈ ಜೇಬಿನಲ್ಲಿರಲಿ.

ವಿದ್ಯುತ್ ಕೊಡದೆಯೇ ಮುಗಿಸಬಹುದಾದ ಕೆಲಸ ಸಾಕಷ್ಟಿದೆ. ಬಿರುಕು ಬಿಟ್ಟ ವೈರನ್ನು ತೆಗೆದು ಮೂರು ತಂತಿಯ ಹೊಸ ಕೇಬಲ್ ಹಾಕಿ, ಅರ್ಥ್ ತಂತಿಯನ್ನು ಚಾಸಿಗೆ ಬೋಲ್ಟ್ ಮಾಡಿ. ಆ ಕಾಲದ ಅಮೆರಿಕನ್ ಆಂಪ್‌ಗಳಲ್ಲಿ ಹಿಂಬದಿಯ ಗ್ರೌಂಡ್ ಸ್ವಿಚ್‌ನಿಂದ ಚಾಸಿಗೆ 0.047 ಮೈಕ್ರೋಫ್ಯಾರಡ್‌ನ ಕೆಪಾಸಿಟರ್ ಒಂದಿರುತ್ತದೆ. ಅದು ಶಾರ್ಟ್ ಆದರೆ ಮುಖ್ಯ ವಿದ್ಯುತ್ತು ನೇರವಾಗಿ ಚಾಸಿಗೂ, ಅಲ್ಲಿಂದ ಗಿಟಾರಿನ ತಂತಿಗಳಿಗೂ ಬರುತ್ತದೆ. ಅದನ್ನು ಕತ್ತರಿಸಿ ಬಿಸಾಡಿ. ಧ್ವನಿಗೂ ಅದಕ್ಕೂ ಸಂಬಂಧವಿಲ್ಲ. ಹಾಲಿನ ಬಣ್ಣದ ವಾಲ್ವಿನೊಳಗೆ ಗಾಳಿ ನುಗ್ಗಿದೆ. ಗಾಜಿನ ಒಳಮೈಗೆ ಬಳಿದಿರುವ ಬೇರಿಯಂ, ಗಾಳಿ ಸೋಕಿದರೆ ಬೆಳ್ಳಗಾಗುತ್ತದೆ. ಆ ವಾಲ್ವಿನ ಆಯುಸ್ಸು ಮುಗಿಯಿತು. 8 ಓಮ್ ಸ್ಪೀಕರ್‌ನ ತಂತಿಗಳ ನಡುವೆ ಮೀಟರ್ 6ರಿಂದ 7 ಓಮ್ ತೋರಿಸಬೇಕು. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನ ಪ್ರೈಮರಿಯ ಎರಡು ಅರ್ಧಗಳು ಪರಸ್ಪರ ಹತ್ತಿರದ ಬೆಲೆಗಳನ್ನು ತೋರಿಸಬೇಕು, ಚಾಸಿಗೆ ಯಾವ ಸಂಪರ್ಕವೂ ಇರಬಾರದು.

ಸ್ಟೆಪ್‌ಡೌನ್ ಕುರಿತು: 200 ವಿಎಗೆ ಕಡಿಮೆಯಿಲ್ಲದ, ಎರಡು ಪ್ರತ್ಯೇಕ ಸುರುಳಿಗಳಿರುವ ಟ್ರಾನ್ಸ್‌ಫಾರ್ಮರ್ ತನ್ನಿ. ಪ್ರವಾಸಿಗರಿಗೆಂದು ಮಾರುವ ಹಗುರವಾದ ಎಲೆಕ್ಟ್ರಾನಿಕ್ ಡಬ್ಬಿ ಈ ಕೆಲಸಕ್ಕೆ ಬಾರದು. 120ಕ್ಕಿಂತ 110 ವೋಲ್ಟ್ ಕೊಡುವಂಥದ್ದು ನನ್ನ ಆಯ್ಕೆ, ಅದಕ್ಕೆ ಕಾರಣವಿದೆ. 60 ಹರ್ಟ್ಸ್‌ಗೆ ಸುತ್ತಿದ ಟ್ರಾನ್ಸ್‌ಫಾರ್ಮರನ್ನು ನಮ್ಮ 50 ಹರ್ಟ್ಸ್‌ನಲ್ಲಿ ಅದೇ ವೋಲ್ಟೇಜಿಗೆ ಓಡಿಸಿದರೆ ಕಬ್ಬಿಣದೊಳಗಿನ ಕಾಂತೀಯ ಹರಿವು ಶೇ. 20ರಷ್ಟು ಏರಿ ಅದು ಹೆಚ್ಚು ಬಿಸಿಯಾಗುತ್ತದೆ. 117ರ ಬದಲು 110 ಕೊಟ್ಟರೆ ಆ ಏರಿಕೆ ಶೇ. 13ರ ಆಸುಪಾಸಿಗೆ ಇಳಿಯುತ್ತದೆ. ಆಗ 6.3 ವೋಲ್ಟ್‌ನ ಹೀಟರ್‌ಗೆ 5.9 ಸಿಗುತ್ತದೆ, ವಾಲ್ವುಗಳು ಶೇ. 10ರಷ್ಟು ಏರಿಳಿತವನ್ನು ಸಹಿಸುವುದರಿಂದ ತೊಂದರೆಯಿಲ್ಲ.

ಇನ್ನು ಸೀರೀಸ್ ಬಲ್ಬು. ಎಲ್‌ಇಡಿ ಅಲ್ಲ, ತಂತುವಿನ ಬಲ್ಬೇ ಬೇಕು. ಈಗ ಹುಡುಕಿ ತರಬೇಕಾದ ವಸ್ತು ಅದು. ಅದನ್ನು ಸ್ಟೆಪ್‌ಡೌನ್‌ನ 230 ವೋಲ್ಟ್ ಬದಿಯಲ್ಲಿ, ಲೈವ್ ತಂತಿಯ ನಡುವೆ ಸೇರಿಸಿ. ಮೊದಲ ಹಂತದಲ್ಲಿ ಎಲ್ಲ ವಾಲ್ವುಗಳನ್ನೂ ಕಿತ್ತು 60 ವ್ಯಾಟ್ ಬಲ್ಬ್ ಹಾಕಿ. ಬಲ್ಬು ಒಮ್ಮೆ ಮಿನುಗಿ ಆರಿದರೆ ಟ್ರಾನ್ಸ್‌ಫಾರ್ಮರ್ ಆರೋಗ್ಯವಾಗಿದೆ; ಪ್ರಕಾಶಮಾನವಾಗಿ ಉರಿಯುತ್ತಲೇ ಇದ್ದರೆ ಎಲ್ಲೋ ಶಾರ್ಟ್ ಇದೆ, ತಕ್ಷಣ ಆರಿಸಿ. ರೆಕ್ಟಿಫೈಯರ್ ವಾಲ್ವ್ ಜಿಜೆಡ್34 ಹೊರಗಿರುವುದರಿಂದ ಹೈಟೆನ್ಷನ್ ಡಿಸಿ ಹುಟ್ಟುವುದೇ ಇಲ್ಲ, ಆದರೆ ಪವರ್ ವಾಲ್ವುಗಳ ಕರೆಂಟನ್ನು ಹಿಡಿತದಲ್ಲಿಡುವ ಋಣ ವೋಲ್ಟೇಜ್, ಅಂದರೆ ಬಯಾಸ್, ಪ್ರತ್ಯೇಕ ಡಯೋಡ್‌ನಿಂದ ಬರುವುದರಿಂದ ಅದು ಇರುತ್ತದೆ. ಈ ವಿನ್ಯಾಸದ ದೊಡ್ಡ ಅನುಕೂಲವೇ ಅದು. ಪವರ್ ವಾಲ್ವುಗಳಿಗೆ ಅಪಾಯವಾಗುವ ಮೊದಲೇ ಅವುಗಳ ಕಡಿವಾಣ ಸರಿಯಿದೆಯೇ ಎಂದು ನೋಡಿಕೊಳ್ಳಬಹುದು.

ಫಿಲ್ಟರ್ ಕೆಪಾಸಿಟರ್‌ಗಳನ್ನು (ಡಿಸಿಯ ಏರಿಳಿತವನ್ನು ಸಮಗೊಳಿಸುವ ಆ ಎಲೆಕ್ಟ್ರೋಲಿಟಿಕ್‌ಗಳನ್ನು) ಪ್ರತ್ಯೇಕವಾಗಿ ಬಿಡಿಸಿ, 100 ಕಿಲೋ ಓಮ್ ರೆಸಿಸ್ಟರ್‌ನ ಮೂಲಕ ಹೊರಗಿನ ಡಿಸಿ ಕೊಟ್ಟು ನಿಧಾನವಾಗಿ ಮರಳಿ ರೂಪಿಸಬಹುದು. ರೆಸಿಸ್ಟರ್‌ನ ಎರಡು ತುದಿಗಳ ನಡುವೆ 10 ವೋಲ್ಟ್ ಇದ್ದರೆ ಸೋರಿಕೆ 0.1 ಮಿಲಿ ಆಂಪಿಯರ್ ಎಂದರ್ಥ. ಗಂಟೆಗಳು ಕಳೆದಂತೆ ಅದು ಇಳಿಯುತ್ತ ಬರಬೇಕು; ಇಳಿಯದೆ ನಿಂತರೆ ಆ ಕೆಪಾಸಿಟರ್ ಮುಗಿದಂತೆ.

ಮಾಟುಂಗಾ ವಾಲ್ವ್ ಪ್ರಿಯ:

ಪುಣೆಯ ಮಿತ್ರರು ಹೇಳಿದ ಕ್ರಮವನ್ನು ಪೂರ್ತಿ ಒಪ್ಪುತ್ತೇನೆ, ಕೊನೆಯ ಪ್ಯಾರಾದ ಹೊರತು. ಮರಳಿ ರೂಪಿಸುವುದರಿಂದ ಆಕ್ಸೈಡ್ ಪದರ ಬರಬಹುದು, ಒಣಗಿಹೋದ ದ್ರವ ಬರುವುದಿಲ್ಲ. ಅರ್ಧ ಶತಮಾನ ಹಳೆಯ ಎಲೆಕ್ಟ್ರೋಲಿಟಿಕ್‌ಗಳನ್ನು ದಿನವಿಡೀ ಶುಶ್ರೂಷೆ ಮಾಡಿ ಎಬ್ಬಿಸಿದರೂ ಅವು ಸಂಗೀತ ಕಛೇರಿಯ ನಡುವೆ ಯಾವಾಗ ಕೈಕೊಡುತ್ತವೆಯೋ ಹೇಳಲಾಗದು. ಹಳೆಯ ಭಾಗಗಳ ಮೇಲಿನ ಮೋಹವನ್ನು ಸ್ಪೀಕರ್, ಟ್ರಾನ್ಸ್‌ಫಾರ್ಮರ್, ವಾಲ್ವುಗಳಿಗೆ ಮೀಸಲಿಡಿ. ಎಲೆಕ್ಟ್ರೋಲಿಟಿಕ್‌ಗಳೆಂದರೆ ಕಾರಿನ ಟಯರಿನಂತೆ, ಸವೆಯಲೆಂದೇ ಇರುವ ವಸ್ತುಗಳು. ಮ್ಯೂಸಿಯಂಗೆ ಇಡುವುದಾದರೆ ಮಾತು ಬೇರೆ.

ಈ ಆಂಪ್‌ನಲ್ಲಿ ಅವು ಚಾಸಿಯ ಹೊರಮೈಯ ತಗಡಿನ ತಟ್ಟೆಯೊಂದರ ಕೆಳಗೆ ಸಾಲಾಗಿ ಮಲಗಿರುತ್ತವೆ. ಮೂಲ ಬೆಲೆ 16 ಮೈಕ್ರೋಫ್ಯಾರಡ್. ಈಗ ಸುಲಭವಾಗಿ ಸಿಗುವ 22 ಹಾಕಬಹುದು. ಮೊದಲ ಹಂತದಲ್ಲಿ ಎರಡು ಸಮಾಂತರವಾಗಿರುವುದರಿಂದ 44 ಆಗುತ್ತದೆ, ಜಿಜೆಡ್34ರ ತಯಾರಕರು ಹೇಳಿದ 60ರ ಮಿತಿಯೊಳಗೇ ಇದೆ. ಅದಕ್ಕಿಂತ ದೊಡ್ಡದು ಒಳ್ಳೆಯದೆಂದು 100 ಹಾಕಿದರೆ ರೆಕ್ಟಿಫೈಯರ್ ವಾಲ್ವ್ ನರಳುತ್ತದೆ. ವೋಲ್ಟೇಜ್ ಮಿತಿ 500 ಇರಲಿ, 105 ಡಿಗ್ರಿಯದು ಇರಲಿ. ಹೈಟೆನ್ಷನ್ ಸುರುಳಿಯ ಪ್ರತಿ ಬದಿಯಲ್ಲಿ ಸುಮಾರು 330 ವೋಲ್ಟ್ ಎಸಿ ಇದೆಯೆಂದುಕೊಳ್ಳಿ; ಪವರ್ ವಾಲ್ವುಗಳು ಬಿಸಿಯಾಗುವ ಮೊದಲು, ಹೊರೆಯಿಲ್ಲದ ಕ್ಷಣದಲ್ಲಿ ಡಿಸಿ 460ರ ಹತ್ತಿರ ಹೋಗಬಲ್ಲದು. 450ರ ಕೆಪಾಸಿಟರ್‌ಗೆ ಅದು ಪ್ರತಿ ಸಲದ ಹಿಂಸೆ.

ಮುಂಬೈಗೆ ಬರುವವರಿದ್ದರೆ ಲ್ಯಾಮಿಂಗ್ಟನ್ ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಂದ ತರಿಸಿಕೊಳ್ಳಿ, ಆದರೆ ತಯಾರಿಕೆಯ ವರ್ಷವನ್ನು ನೋಡಿಯೇ ಕೊಳ್ಳಿ. ಅಂಗಡಿಯ ಕಪಾಟಿನಲ್ಲಿ ದಶಕ ಕಳೆದ ‘ಹೊಸ’ ಕೆಪಾಸಿಟರ್‌ಗೂ ನಿಮ್ಮ ಅಟ್ಟದ್ದಕ್ಕೂ ಅಂಥ ವ್ಯತ್ಯಾಸವಿಲ್ಲ. ಸತ್ತ ವಾಲ್ವಿನ ಜಾಗಕ್ಕೆ ಆಮದು ಮಾಲು ಹುಡುಕುವ ಮೊದಲು ಹಳೆಯ ಸಾಮಾನಿನ ಅಂಗಡಿಗಳಲ್ಲಿ ಇಸಿಸಿ83 ಎಂದು ಕೇಳಿ ನೋಡಿ. ಈ ಆಂಪ್‌ನ ಚಿಕ್ಕ ವಾಲ್ವುಗಳಲ್ಲಿ 12ಎಎಕ್ಸ್7ಕ್ಕೆ ಯುರೋಪಿನ ಹೆಸರು ಅದು, 12ಎಟಿ7ಕ್ಕೆ ಇಸಿಸಿ81. ನಮ್ಮ ಬೆಂಗಳೂರಿನ ಜಾಲಹಳ್ಳಿಯ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ತಯಾರಿಸಿದ ಇಸಿಸಿ83ಗಳು ಇನ್ನೂ ಅಲ್ಲಲ್ಲಿ ಸಿಗುತ್ತವೆ. ಜಾಲಹಳ್ಳಿಯ ವಾಲ್ವ್ ಫೆಂಡರ್‌ನೊಳಗೆ ಉರಿಯುವುದನ್ನು ನೋಡುವ ಸಂತೋಷಕ್ಕಾದರೂ ಒಂದನ್ನು ಹಾಕಬೇಕು.

ವಾಸ್ಕೋ ಗಿಟಾರಿಗ:

ಇಬ್ಬರಿಗೂ ಕೃತಜ್ಞತೆಗಳು. ಮೂರು ತಂತಿಯ ಕೇಬಲ್ ಹಾಕಿ, ಗ್ರೌಂಡ್ ಸ್ವಿಚ್‌ನ ಕೆಪಾಸಿಟರ್ ತೆಗೆದು, ಫಿಲ್ಟರ್ ಕೆಪಾಸಿಟರ್‌ಗಳನ್ನು 22 ಮೈಕ್ರೋಫ್ಯಾರಡ್, 500 ವೋಲ್ಟ್‌ನವುಗಳಿಂದ ಬದಲಿಸಿದ್ದೇನೆ. ತಟ್ಟೆ ತೆರೆದಾಗ ಹಳೆಯವುಗಳ ಪೈಕಿ ಎರಡರ ರಬ್ಬರ್ ತುದಿ ಉಬ್ಬಿ, ಅಂಚಿನಲ್ಲಿ ಒಣಗಿದ ಕಂದು ಅಂಟು ಹೆಪ್ಪುಗಟ್ಟಿತ್ತು. ಮರಳಿ ರೂಪಿಸುವ ಪ್ರಶ್ನೆ ಅಲ್ಲಿಗೇ ಮುಗಿಯಿತು.

ವಾಲ್ವುಗಳಿಲ್ಲದೆ, ಬಲ್ಬಿನ ಮೂಲಕ, 110 ವೋಲ್ಟ್‌ನಲ್ಲಿ ಆನ್ ಮಾಡಿದಾಗ ಬಲ್ಬು ಮಿನುಗಿ ಆರಿತು. ಹೀಟರ್ 6.4 ವೋಲ್ಟ್ ಎಸಿ, ಹೈಟೆನ್ಷನ್ ಸುರುಳಿ ಪ್ರತಿ ಬದಿಗೆ 310 ವೋಲ್ಟ್ ಎಸಿ. ಆದರೆ ನಕ್ಷೆಯಲ್ಲಿ ಮೈನಸ್ 35 ಎಂದಿರುವ ಬಯಾಸ್ ಇಲ್ಲಿ ಮೈನಸ್ 19 ಮಾತ್ರ. ಹೊಂದಿಸುವ ಪೊಟೆನ್ಷಿಯೋಮೀಟರ್ ತಿರುಗಿಸಿದರೂ ಹೆಚ್ಚು ಏರುತ್ತಿಲ್ಲ. ಮುಂದುವರಿಯಬಹುದೇ?

ಪುಣೆಯ ರೇಡಿಯೋ ರಿಪೇರಿ:

ಖಂಡಿತ ಬೇಡ. ಮಾಟುಂಗಾದವರ ವಾದಕ್ಕೆ ಆ ಕಂದು ಅಂಟೇ ಸಾಕ್ಷಿ ನುಡಿದಿರುವುದರಿಂದ ಅದನ್ನು ಬಿಟ್ಟು ಬಯಾಸ್‌ಗೆ ಬರೋಣ. ದೀರ್ಘಕಾಲ ಮಲಗಿದ್ದ ಫಿಕ್ಸೆಡ್ ಬಯಾಸ್ (ಬಯಾಸನ್ನು ಹೀಗೆ ಪ್ರತ್ಯೇಕವಾಗಿ ಒದಗಿಸುವ) ಆಂಪ್‌ಗಳಲ್ಲಿ ಅತ್ಯಂತ ದುಬಾರಿಯಾಗುವ ದೋಷ ಇದೇ. ಪವರ್ ವಾಲ್ವುಗಳಾದ 6ವಿ6ಗಳ ಗ್ರಿಡ್‌ಗೆ (ಕರೆಂಟನ್ನು ನಿಯಂತ್ರಿಸುವ ಜಾಲರಿಗೆ) ಸಾಕಷ್ಟು ಋಣ ವೋಲ್ಟೇಜ್ ಸಿಗದಿದ್ದರೆ ಅವು ತಡೆಯಿಲ್ಲದೆ ಕರೆಂಟ್ ಎಳೆದು, ಒಂದೆರಡು ನಿಮಿಷದಲ್ಲಿ ಪ್ಲೇಟುಗಳು (ವಾಲ್ವಿನೊಳಗೆ ಕರೆಂಟ್ ಸೇರುವ ಲೋಹದ ತಗಡುಗಳು) ಕೆಂಡದಂತೆ ಕೆಂಪಾಗುತ್ತವೆ. ವಾಲ್ವುಗಳು ಹೋಗುವುದಲ್ಲದೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ಗೂ ಅಪಾಯ.

ಆ ಬಿಂದುವಿನಲ್ಲಿ ಮೀಟರನ್ನು ಎಸಿ ರೇಂಜ್‌ಗೆ ಹಾಕಿ ಮತ್ತೊಮ್ಮೆ ಅಳೆಯಿರಿ. ಕೆಲವು ಅಗ್ಗದ ಮೀಟರ್‌ಗಳು ಡಿಸಿಯನ್ನೂ ಎಸಿ ಎಂದು ತೋರಿಸುವುದರಿಂದ ಪ್ರೋಬ್‌ಗೆ 0.1 ಮೈಕ್ರೋಫ್ಯಾರಡ್‌ನ ಕೆಪಾಸಿಟರ್ ಒಂದನ್ನು ಸರಣಿಯಲ್ಲಿ ಜೋಡಿಸಿಕೊಳ್ಳಿ. ಹಲವು ವೋಲ್ಟ್ ಎಸಿ ಕಂಡುಬಂದರೆ ಬಯಾಸ್ ಕೆಪಾಸಿಟರ್ ಒಣಗಿ ತನ್ನ ಧಾರಣೆಯನ್ನು ಕಳೆದುಕೊಂಡಿದೆ ಎಂದರ್ಥ. ಅರ್ಧ ಅಲೆಯ ಶಿಖರವನ್ನು ಹಿಡಿದಿಡುವವರಿಲ್ಲದೆ ಸರಾಸರಿ ಕೆಳಗಿಳಿದಿದೆ. ಅದನ್ನು ಬದಲಿಸಿ, ಡಯೋಡ್ ಸಹ ಹಳೆಯದಾಗಿದ್ದರೆ 1ಎನ್4007 ಹಾಕಿ. ಒಂದು ಎಚ್ಚರಿಕೆ: ಇಲ್ಲಿ ವೋಲ್ಟೇಜ್ ಋಣವಾಗಿರುವುದರಿಂದ ಕೆಪಾಸಿಟರ್‌ನ ಧನ ತುದಿ ಚಾಸಿಗೆ ಹೋಗಬೇಕು. ಬೇರೆಲ್ಲ ಕೆಪಾಸಿಟರ್‌ಗಳನ್ನು ಹಾಕಿದ ಅಭ್ಯಾಸಬಲದಿಂದ ಕೈ ತಾನಾಗಿ ಉಲ್ಟಾ ಹಾಕಿಬಿಡುತ್ತದೆ.

ಅದು ಸರಿಯಾದ ಮೇಲೆ ಎರಡೂ 6ವಿ6 ಸಾಕೆಟ್‌ಗಳ 5ನೇ ಪಿನ್‌ನಲ್ಲಿ ಒಂದೇ ಬಯಾಸ್ ಇದೆಯೇ ನೋಡಿ. ಬಳಿಕ ಸ್ಪೀಕರ್ ಜೋಡಿಸಿ, 6ವಿ6ಗಳನ್ನು ಬಿಟ್ಟು ಉಳಿದೆಲ್ಲ ವಾಲ್ವುಗಳನ್ನೂ ಜಿಜೆಡ್34ನ್ನೂ ಹಾಕಿ, 100 ವ್ಯಾಟ್ ಬಲ್ಬಿನ ಮೂಲಕ ಹೈಟೆನ್ಷನ್ ಬರಲು ಬಿಡಿ. ವೇರಿಯಾಕ್‌ನಿಂದ (ವೋಲ್ಟೇಜನ್ನು ಬೇಕಾದಂತೆ ಏರಿಳಿಸುವ ಟ್ರಾನ್ಸ್‌ಫಾರ್ಮರ್‌ನಿಂದ) ನಿಧಾನಕ್ಕೆ ಏರಿಸುವ ಉಪಾಯ ಇಲ್ಲಿ ಅಷ್ಟು ಪ್ರಯೋಜನವಿಲ್ಲ, ಏಕೆಂದರೆ ಹೀಟರ್ ಸಾಕಷ್ಟು ಬಿಸಿಯಾಗುವವರೆಗೆ ರೆಕ್ಟಿಫೈಯರ್ ವಾಲ್ವ್ ಏನನ್ನೂ ಹರಿಯಬಿಡುವುದಿಲ್ಲ, ಆಮೇಲೆ ಒಮ್ಮೆಲೇ ಬಿಡುತ್ತದೆ. ಈಗ ಅದೇ 5ನೇ ಪಿನ್‌ಗಳನ್ನು ಮತ್ತೆ ಅಳೆಯಿರಿ. ಹೈಟೆನ್ಷನ್ ಬಂದೊಡನೆ ಯಾವುದಾದರೂ ಒಂದರಲ್ಲಿ ಬಯಾಸ್ ಒಂದು ವೋಲ್ಟ್‌ನಷ್ಟಾದರೂ ಸೊನ್ನೆಯತ್ತ ಸರಿದರೆ ಆ ಬದಿಯ 0.1 ಮೈಕ್ರೋಫ್ಯಾರಡ್ ಕಪ್ಲಿಂಗ್ ಕೆಪಾಸಿಟರ್ (ಹಿಂದಿನ ಹಂತದಿಂದ ಧ್ವನಿಸಂಕೇತವನ್ನಷ್ಟೇ ದಾಟಿಸಬೇಕಾದದ್ದು) ಡಿಸಿ ಸೋರುತ್ತಿದೆ, ಬದಲಿಸಲೇಬೇಕು. ಹಿಂದಿನ ಹಂತದ ಪ್ಲೇಟಿನಲ್ಲಿ ನೂರಾರು ವೋಲ್ಟ್ ಇರುವಾಗ ಅಷ್ಟು ಸಣ್ಣ ಸೋರಿಕೆಯೂ ಪವರ್ ವಾಲ್ವನ್ನು ಹಾಳುಮಾಡಬಲ್ಲದು.

ಕೊನೆಯದಾಗಿ 6ವಿ6ಗಳು. ಪ್ರತಿಯೊಂದರ 8ನೇ ಪಿನ್ ಮತ್ತು ಚಾಸಿಯ ನಡುವೆ 1 ಓಮ್ ರೆಸಿಸ್ಟರ್ ಬೆಸೆದರೆ ಅದರ ಮೇಲಿನ ಪ್ರತಿ ಮಿಲಿವೋಲ್ಟ್ ಒಂದು ಮಿಲಿ ಆಂಪಿಯರ್ ಆಗುತ್ತದೆ. ಪ್ಲೇಟಿನಲ್ಲಿ 390 ವೋಲ್ಟ್ ಇದ್ದು ಕರೆಂಟ್ 22 ಮಿಲಿ ಆಂಪಿಯರ್ ಇದ್ದರೆ ಸುಮಾರು 8.6 ವ್ಯಾಟ್, 6ವಿ6ಜಿಟಿಯ ಮಿತಿ 14. ಹಳೆಯ ವಾಲ್ವುಗಳನ್ನು ಅದಕ್ಕಿಂತ ಬಿಸಿಯಾಗಿ ಓಡಿಸುವುದು ಬೇಡ. ಬಲ್ಬಿನ ಮೂಲಕ ಅಳೆದರೆ ವೋಲ್ಟೇಜ್ ಕಡಿಮೆಯಿರುವುದರಿಂದ, ಎಲ್ಲ ಸರಿಯಿದೆ ಎನಿಸಿದ ಮೇಲೆ ಬಲ್ಬ್ ತೆಗೆದು ಮತ್ತೊಮ್ಮೆ ಹೊಂದಿಸಿ.

ವಾಸ್ಕೋ ಗಿಟಾರಿಗ:

ಎಸಿ ಅಳತೆ 11 ವೋಲ್ಟ್ ಬಂತು. ಬಯಾಸ್ ಕೆಪಾಸಿಟರ್ ಬದಲಿಸಿದೊಡನೆ ಮೈನಸ್ 36ಕ್ಕೆ ಏರಿತು. ಒಂದು ಬದಿಯ ಕಪ್ಲಿಂಗ್ ಕೆಪಾಸಿಟರ್ ಬಯಾಸನ್ನು ಮೂರು ವೋಲ್ಟ್ ಎಳೆಯುತ್ತಿತ್ತು, ಎರಡನ್ನೂ ಬದಲಿಸಿದೆ. ಈಗ ಎರಡು 6ವಿ6ಗಳು 20 ಮತ್ತು 22 ಮಿಲಿ ಆಂಪಿಯರ್‌ನಲ್ಲಿ ಶಾಂತವಾಗಿ ಓಡುತ್ತಿವೆ, ಗಿಟಾರಿನ ಧ್ವನಿ ಬರುತ್ತಿದೆ, ಬಹಳ ಸೊಗಸಾಗಿಯೇ ಬರುತ್ತಿದೆ. ಎರಡು ತೊಂದರೆಗಳು ಉಳಿದಿವೆ. ಏನೂ ನುಡಿಸದಿದ್ದಾಗಲೂ ಸ್ಪೀಕರ್‌ನಲ್ಲಿ ಒಗ್ಗರಣೆ ಸಿಡಿಯುವಂಥ ಚಟಪಟ ಸದ್ದು, ಮಳೆ ಜೋರಾದ ಸಂಜೆ ಅದು ಹೆಚ್ಚುತ್ತದೆ. ಎರಡನೆಯದು, ರಿವರ್ಬ್ (ಪ್ರತಿಧ್ವನಿಯ ಪರಿಣಾಮ) ಸ್ವಲ್ಪವೂ ಇಲ್ಲ.

ಮಾಟುಂಗಾ ವಾಲ್ವ್ ಪ್ರಿಯ:

ಮಳೆಗೆ ಹೆಚ್ಚುತ್ತದೆ ಎಂದಿರಲ್ಲ, ಅದೇ ಸುಳಿವು. ಈ ಆಂಪ್‌ನ ಭಾಗಗಳನ್ನೆಲ್ಲ ಬೆಸೆದಿರುವುದು ಕಪ್ಪು ಫೈಬರ್ ಹಲಗೆಯ ಮೇಲೆ. ಅದು ಕಾಗದದ ಜಾತಿಯ ವಸ್ತು, ಮೇಣದ ಲೇಪವಿದ್ದರೂ ವರ್ಷಗಳ ತೇವವನ್ನು ಹೀರುತ್ತದೆ, ಹೀರಿದ ಮೇಲೆ ಅಲ್ಪಸ್ವಲ್ಪ ವಿದ್ಯುತ್ತನ್ನೂ ಹರಿಯಬಿಡುತ್ತದೆ. ಮೀಟರ್‌ನ ಕಪ್ಪು ತಂತಿಯನ್ನು ಚಾಸಿಗೆ ಕೊಟ್ಟು, ಆಂಪ್ ಆನ್ ಇರುವಾಗ ಕೆಂಪು ಪ್ರೋಬಿನ ಮೊನೆಯನ್ನು ಯಾವ ತಂತಿಗೂ ತಾಗಿಸದೆ ಬರಿಯ ಹಲಗೆಯ ಮೇಲೆ, ಪ್ರೀಆಂಪ್ (ಮೊದಲ ಹಂತಗಳ ಚಿಕ್ಕ) ವಾಲ್ವುಗಳ ಬದಿಯಲ್ಲಿ ಅಲ್ಲಲ್ಲಿ ಒತ್ತಿ ನೋಡಿ. ಏನೂ ಇರಬಾರದ ಜಾಗದಲ್ಲಿ ಕೆಲವು ವೋಲ್ಟ್ ಕಂಡರೆ ಹಲಗೆಯೇ ಅಪರಾಧಿ. ಆರಿಸಿ, ಕೆಪಾಸಿಟರ್‌ಗಳನ್ನು ಖಾಲಿ ಮಾಡಿ, ಹೇರ್ ಡ್ರೈಯರ್‌ನ ಹದವಾದ ಬಿಸಿಗಾಳಿಯನ್ನು ದೂರದಿಂದ, ಆತುರವಿಲ್ಲದೆ ಹಾಯಿಸಿ; ಮೇಣ ಕರಗಿ ಹರಿಯುವಷ್ಟು ಬಿಸಿ ಬೇಡ. ಮತ್ತೆ ಅಳೆದಾಗ ವೋಲ್ಟೇಜ್ ಇಳಿದಿರಬೇಕು.

ಒಣಗಿದ ಮೇಲೂ ಸದ್ದು ಉಳಿದರೆ ಇನ್‌ಪುಟ್ ಬದಿಯ ಮೊದಲ ವಾಲ್ವಿನಿಂದ ಆರಂಭಿಸಿ ಒಂದೊಂದಾಗಿ ಕೀಳುತ್ತ ಬನ್ನಿ, ಪ್ರತಿ ಸಲವೂ ಆಂಪ್ ಆರಿಸಿದ ಮೇಲೆ. ಯಾವುದನ್ನು ತೆಗೆದಾಗ ಸದ್ದು ನಿಲ್ಲುತ್ತದೆಯೋ ಆ ವಾಲ್ವು, ಇಲ್ಲವೇ ಅದರ ಪ್ಲೇಟಿನ 100 ಕಿಲೋ ಓಮ್ ರೆಸಿಸ್ಟರ್ ಕಾರಣ. ಹಳೆಯ ಕಾರ್ಬನ್ ಕಾಂಪೊಸಿಷನ್ ರೆಸಿಸ್ಟರ್‌ಗಳು ತೇವಕ್ಕೆ ತಮ್ಮ ಓಮ್ ಬೆಲೆ ಏರಿಸಿಕೊಂಡು ಚಟಪಟಿಸುತ್ತವೆ; ಆ ಕೆಲವನ್ನು ಮಾತ್ರ ಮೆಟಲ್ ಫಿಲ್ಮ್‌ಗೆ ಬದಲಿಸಿ, ಉಳಿದವನ್ನು ಹಾಗೇ ಬಿಡಿ. ನಾಬುಗಳ ಕರಕರ ಸದ್ದಿಗೆ ಕಾಂಟ್ಯಾಕ್ಟ್ ಕ್ಲೀನರ್ ಬಳಸಿ, ತುಕ್ಕು ಬಿಡಿಸುವ ಎಣ್ಣೆಯನ್ನಲ್ಲ. ಇನ್‌ಪುಟ್ ಜಾಕ್‌ಗಳ ಒಳಗಿನ ಸ್ವಿಚ್ ಸಂಪರ್ಕಗಳನ್ನೂ ಒರೆಸಿ, ಏನೂ ಚುಚ್ಚದಿದ್ದಾಗ ಗ್ರಿಡ್ಡನ್ನು ಗ್ರೌಂಡ್‌ಗೆ ಹಿಡಿದಿಡುವುದು ಅವೇ.

ರಿವರ್ಬ್‌ನ ವಿಷಯ ಸರಳವಾಗಿರಬಹುದು. ಕೆಳಗಿನ ಚೀಲದಲ್ಲಿರುವ ಸ್ಪ್ರಿಂಗ್ ಡಬ್ಬಿಯ ಎರಡು ಆರ್‌ಸಿಎ ಪ್ಲಗ್‌ಗಳನ್ನು ಕಿತ್ತು ಓಮ್ ಅಳೆಯಿರಿ. ಇನ್‌ಪುಟ್ ಬದಿಯಲ್ಲಿ ಒಂದು ಓಮ್‌ಗಿಂತ ತುಸು ಕಡಿಮೆ, ಔಟ್‌ಪುಟ್ ಬದಿಯಲ್ಲಿ 200ರ ಆಸುಪಾಸು ಬರಬೇಕು. ಔಟ್‌ಪುಟ್ ತೆರೆದುಕೊಂಡಿದ್ದರೆ (ಸಂಪರ್ಕ ಕಡಿದುಹೋಗಿದ್ದರೆ) ಸಾಮಾನ್ಯವಾಗಿ ಸಾಕೆಟ್‌ನಿಂದ ಸುರುಳಿಗೆ ಹೋಗುವ ಕೂದಲಿನಷ್ಟು ತೆಳುವಾದ ತಂತಿ ಉಪ್ಪುಗಾಳಿಗೆ ಹಸಿರುಗಟ್ಟಿ ತುಂಡಾಗಿರುತ್ತದೆ.

ವಾಸ್ಕೋ ಗಿಟಾರಿಗ:

ಹಲಗೆಯ ಮೇಲೆ ಎರಡನೆಯ ವಾಲ್ವಿನ ಬಳಿ 7 ವೋಲ್ಟ್ ಇತ್ತು. ಒಣಗಿಸಿದ ಮೇಲೆ ಅರ್ಧ ವೋಲ್ಟ್‌ಗೂ ಕೆಳಗಿಳಿದಿದೆ, ಚಟಪಟವೂ ಬಹುಪಾಲು ಅಡಗಿದೆ. ಉಳಿದದ್ದು ಅದೇ ವಾಲ್ವಿನ ಒಂದು ಪ್ಲೇಟ್ ರೆಸಿಸ್ಟರ್‌ನಿಂದ. 100 ಕಿಲೋ ಓಮ್ ಇರಬೇಕಾದದ್ದು 138 ತೋರಿಸಿತು, ಬದಲಿಸಿದೆ. ಸ್ಪ್ರಿಂಗ್ ಡಬ್ಬಿಯ ಔಟ್‌ಪುಟ್ ನೀವು ಹೇಳಿದಂತೆಯೇ ತೆರೆದುಕೊಂಡಿದೆ, ತಂತಿ ಸಾಕೆಟ್‌ನ ಬುಡದಲ್ಲೇ ತುಂಡಾಗಿದೆ. ಸುರುಳಿಯ ಕಡೆಯ ತುದಿ ಇನ್ನೂ ಸ್ವಲ್ಪ ಹೊರಗೆ ಉಳಿದಿರುವುದರಿಂದ ಅದಕ್ಕೆ ಹೊಸ ತೆಳು ತಂತಿ ಬೆಸೆಯಲು ಈ ಭಾನುವಾರ ಕೂರುತ್ತೇನೆ.